ವಿಮಾನಕ್ಕೊಂದು ಪರಸ್ಥಾನ

ಶಿರಸಿಯಿಂದ ವಿಮಾನ ನಿಲ್ದಾಣಕ್ಕೆ ಹೋಗುವುದು ಹೇಗೆ ಎಂದು ಇನ್ನು ಮುಂದೆ ಯಾರೂ ನನ್ನನ್ನು ಕೇಳಬಾರದು. ಕೇಳುವವರಿಗಾಗಿಯೇ ನಾನೊಂದು ಕೈಪಿಡಿ ಬರೆದಿದ್ದೇನೆ. ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿಯಿದೆ. ಅದರ ಗೋಡೆಗೆ ಈ ಕೈಪಿಡಿಯನ್ನು ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದೇನೆ. ಟಿಕೆಟ್ ಮಾಡಿಸಿದ ಪ್ರತಿಯೊಬ್ಬರ ವಾಟ್ಸಾಪಿಗೂ ಕಳಿಸುತ್ತೇನೆ. ಅವರು ಕೈಮುಗಿಯುವ ಚಿತ್ರವೊಂದನ್ನು ಒತ್ತಿ ವಾಪಸು ಕಳಿಸುತ್ತಾರೆ, ಓದುವುದಿಲ್ಲ. ಆಮೇಲೆ ಫೋನ್ ಮಾಡಿ, "ಶಿವರಂಜನಿಯವ್ರೇ, ಮಂಗಳೂರು ವಿಮಾನ ಎಲ್ಲಿಂದ ಹತ್ತೂದು?" ಎಂದು ಕೇಳುತ್ತಾರೆ. ಮಂಗಳೂರಿನಿಂದ ಹತ್ತುವುದು. ಮತ್ತೆಲ್ಲಿಂದ ಹತ್ತುತ್ತಾರೆ?

ಕೈಪಿಡಿಯಲ್ಲಿ ಎಲ್ಲವೂ ಇದೆ. ನಮ್ಮೂರಿಗೆ ರೈಲಿಲ್ಲ, ಆದ್ದರಿಂದ ಮೊದಲು ಘಟ್ಟ ಇಳಿಯಬೇಕು. ದೇವಿಮನೆ ಘಟ್ಟ ಇಳಿದರೆ ಕುಮಟಾ, ಯಲ್ಲಾಪುರದ ಮೇಲಿಂದ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಸಿದ್ದಾಪುರ ದಾಟಿ ಮಾವಿನಗುಂಡಿಯಿಂದ ಇಳಿದರೆ ಹೊನ್ನಾವರ. ಯಾವ ಘಟ್ಟ ಯಾವತ್ತು ಬಂದ್ ಇರುತ್ತದೆಂದು ಯಾರೂ ಹೇಳಲಾರರು, ಹಿಂದಿನ ದಿನ ವಿಚಾರಿಸಿಕೊಳ್ಳಿ. ಕುಮಟಾದಲ್ಲಿ ರೈಲು ಹಿಡಿಯುವವರು ಸುರತ್ಕಲ್ಲಿನಲ್ಲಿ ಇಳಿದು ಟ್ಯಾಕ್ಸಿ ಮಾಡಿ. ಮಂಗಳೂರು ಪೇಟೆಯ ತನಕ ಹೋಗಿಬಿಟ್ಟವರಿಗೆ ಬಜ್ಪೆ ಕಡೆಯ ಬಸ್ಸುಗಳಿವೆ, ಆದರೆ ನಿಲ್ದಾಣ ಗುಡ್ಡದ ನೆತ್ತಿಯಲ್ಲಿದೆ, ಗಂಟು ಹೊತ್ತು ಹತ್ತುವ ಹುಮ್ಮಸ್ಸು ಬೇಡ. ಎಣ್ಣೆ, ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಒಬ್ಬರನ್ನು ಕಳಿಸಲು ಟೆಂಪೋ ತುಂಬ ಜನ ಬರಬೇಡಿ, ಬಾಗಿಲಿನಿಂದ ಒಳಗೆ ಹೋಗುವವರು ಹೊರಡುವವರು ಮಾತ್ರ. ವಿಮಾನ ಏಳುವ ಒಂದು ತಾಸು ಮೊದಲೇ ಕೌಂಟರ್ ಮುಚ್ಚುತ್ತಾರೆ, ಅತ್ತರೂ ತೆಗೆಯುವುದಿಲ್ಲ. ಈ ಕೊನೆಯದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ಇಷ್ಟೆಲ್ಲ ಬರೆದ ನಾನು ಒಂದು ಸಲವೂ ವಿಮಾನ ಹತ್ತಿಲ್ಲ, ಅದು ಬೇರೆ ಮಾತು.

ಇಷ್ಟಿದ್ದೂ ಗುರುಶಾಂತವ್ವನ ಪ್ರಯಾಣ ಹಾಗಾಯಿತು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಗುರುಶಾಂತವ್ವ ಬನವಾಸಿ ಕಡೆಯವರು. ಅವರ ಮಗಳು ಪ್ರತಿಭಾ ನನ್ನ ಜೊತೆ ಕಾಲೇಜು ಓದಿದವಳು, ಆ ಸಲಿಗೆಯಿಂದ ಅವರು ನನಗೆ ದೊಡ್ಡವ್ವ, ಅವರ ಗಂಡ ಚಂದ್ರಶೇಖರಪ್ಪ ದೊಡ್ಡಪ್ಪ. ಪ್ರತಿಭಾ ಈಗ ಮಸ್ಕತ್ತಿನಲ್ಲಿ ನರ್ಸು. ಅವಳ ಗಂಡ ಶರಣ ಹಡಗಿನಲ್ಲಿ ಎಂಜಿನ್ ಕೆಲಸದವನು, ಎಲ್ಲೋ ನಡುಸಮುದ್ರದಲ್ಲಿದ್ದ, ರಜೆ ಸಿಕ್ಕಿರಲಿಲ್ಲ. ಪ್ರತಿಭಾಗೆ ದಿನ ತುಂಬಿತ್ತು. ಶನಿವಾರ ಬೆಳಿಗ್ಗೆ ಆಪರೇಷನ್ ಮಾಡಿ ಮಗುವನ್ನು ತೆಗೆಯುತ್ತೇವೆಂದು ಡಾಕ್ಟರು ಹೇಳಿದ್ದರು. ಶುಕ್ರವಾರದ ವಿಮಾನ ಹತ್ತಿದರೆ ತಾಯಿ ಅವತ್ತೇ ಮಗಳ ಹತ್ತಿರ ಇರುತ್ತಾಳೆ. ಅದು ತಪ್ಪಿದರೆ ಮುಂದಿನ ವಿಮಾನ ಸೋಮವಾರ.

"ರಂಜನಿ, ಅವ್ವ ಬರದಿದ್ರ ನಾನು ಆ ಟೇಬಲ್ ಮ್ಯಾಲ ಮಲಗಂಗಿಲ್ಲ ನೋಡು," ಎಂದಿದ್ದಳು ಪ್ರತಿಭಾ ಫೋನಿನಲ್ಲಿ. ನಾನು ನಕ್ಕೆ. ಅವಳು ನಗಲಿಲ್ಲ. ಹಿಂದೆ ಹುಬ್ಬಳ್ಳಿಯಲ್ಲಿ ಅವಳ ಮೊದಲನೆಯ ಹೆರಿಗೆಯಾಗಿತ್ತು, ಆ ಮಗು ಉಳಿಯಲಿಲ್ಲ. ದಿನಾ ಬೇರೆಯವರಿಗೆ ಧೈರ್ಯ ಹೇಳುವ ಕೆಲಸದವಳು ಹೀಗೆ ಹೆದರಿದ್ದಾಳೆಂದರೆ ನಾನೇ ದೊಡ್ಡವ್ವನನ್ನು ಬಾಗಿಲ ತನಕ ಬಿಟ್ಟು ಬರುವುದು ಒಳ್ಳೆಯದೆನ್ನಿಸಿತು. ಹಾಗಾಗಿ ಅಂಗಡಿಗೆ ಬೀಗ ಹಾಕಿ ಅವರ ಜೊತೆ ಹೊರಟೆ.

ಮೊದಲು ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿ ಅಲ್ಲಿ ವಿಮಾನ ಬದಲಿಸುವ ಟಿಕೆಟ್ ನೋಡಿದ್ದೆ. ಅಕ್ಷರ ಕೂಡಿಸಿ ಕೂಡಿಸಿ ಓದುವ ದೊಡ್ಡವ್ವ ಮುಂಬೈಯಂಥ ಕಡೆ ಒಬ್ಬರೇ ವಿಮಾನ ಬದಲಿಸುವುದು ಆಗದ ಮಾತು ಎಂದು ಆಮೇಲೆ ಹೊಳೆಯಿತು. ಅದನ್ನು ಬಿಟ್ಟು ಮಂಗಳೂರಿನಿಂದ ನೇರ ಹೋಗುವ ವಿಮಾನದ ಟಿಕೆಟ್ ಮಾಡಿಸಿದೆ. ಚಂದ್ರಶೇಖರಪ್ಪನಿಗೆ ಫೋನ್ ಮಾಡಿ ತಿಳಿಸಿದೆ. ಅವರು, "ಆತು ಬಿಡವಾ, ನಿನಗ ತಿಳಿದಂಗ ಮಾಡು," ಎಂದರು. ನಾನು ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂದೇ ತಿಳಿದುಕೊಂಡಿದ್ದೆ.

ಶುಕ್ರವಾರ ನಸುಕಿನಲ್ಲೇ ಕಾರು ಅವರ ಮನೆಯ ಮುಂದಿತ್ತು. ಓಡಿಸುವವನು ಕೆರಿಯ, ಸಿದ್ದಾಪುರದ ಹೆಗ್ಗರಣೆ ಕಡೆಯವನು, ಘಟ್ಟದ ದಾರಿಗಳನ್ನು ಅರೆದು ಕುಡಿದವನು. ಬಾಣಂತಿ ಖಾರದ ಡಬ್ಬಿ, ಅಂಟಿನ ಉಂಡೆ, ಕೊಬ್ಬರಿ ಎಣ್ಣೆ, ಕೂಸಿಗೆ ಹಳೆಯ ಮೆತ್ತನೆ ಸೀರೆಯ ತುಂಡುಗಳು ಎಲ್ಲ ದೊಡ್ಡ ಪೆಟ್ಟಿಗೆಯಲ್ಲಿವೆ ಎಂದು ಒಂದೊಂದನ್ನೂ ತೆಗೆಸಿ ನೋಡಿದೆ. ಎಣ್ಣೆಯ ವಿಷಯದಲ್ಲಿ ಅಷ್ಟು ಜಾಗ್ರತೆ ವಹಿಸಿದ ನಾನು ಪಾಸ್‌ಪೋರ್ಟಿನ ವಿಷಯದಲ್ಲಿ ಬರೀ ಬಾಯಿಮಾತಿಗೆ ಕೇಳಿದೆ. "ಎಲ್ಲಾ ಬರೋಬ್ಬರಿ ಐತಿ, ನೀ ಕಾಳಜಿ ಮಾಡಬ್ಯಾಡ," ಎಂದು ದೊಡ್ಡವ್ವ ನನ್ನ ಗಲ್ಲ ಸವರಿದರು. ಚಂದ್ರಶೇಖರಪ್ಪನಿಗೆ ಘಟ್ಟದಲ್ಲಿ ವಾಂತಿ ಆಗುತ್ತದೆಂದು ಒಂದು ಗುಳಿಗೆ ಕೊಟ್ಟೆ. ಅವರು ಮುಂದಿನ ಸೀಟಿನಲ್ಲಿ ಕೂತು, ಊರು ದಾಟುವುದರೊಳಗೆ ಗೊರಕೆ ಹೊಡೆಯತೊಡಗಿದರು.

ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ನಡೆದಿತ್ತು, ಬಂದ್. "ಸುತ್ತ ಹಾಕಿ ಹೋಗ್ತೀವಿ ದೊಡ್ಡವ್ವ," ಎಂದೆ. ಅವರು ತಲೆಯಾಡಿಸಿ ಕಿಟಕಿಯಾಚೆ ನೋಡುತ್ತ ಕೂತರು. ಶಿರಸಿ ದಾಟಿತು, ಸಿದ್ದಾಪುರ ದಾಟಿತು. ಅವರು ಕುತ್ತಿಗೆ ಚಾಚಿ ಪ್ರತಿ ಊರಿನ ಹೆಸರಿನ ಹಲಗೆಯನ್ನೂ ಕೂಡಿಸಿ ಓದುತ್ತಿದ್ದರು. ಮೊದಲ ಸಲ ಇಷ್ಟು ದೂರ ಹೋಗುತ್ತಿದ್ದಾರೆ, ಖುಷಿಪಡಲಿ ಎಂದುಕೊಂಡೆ. ಮಾವಿನಗುಂಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವರು ಲೋಟ ಕೈಯಲ್ಲಿ ಹಿಡಿದು ಸಮಾಧಾನದಿಂದ ಕೇಳಿದರು:

"ರಂಜನಿ, ಎಕ್ಕಂಬಿ ಇನ್ನೂ ಎಷ್ಟ ದೂರ ಐತಿ?"

ಎಕ್ಕಂಬಿ ಇರುವುದು ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ. ನಾವಿದ್ದದ್ದು ಅದಕ್ಕೆ ಪೂರ್ತಿ ಬೆನ್ನು ತಿರುಗಿಸಿಕೊಂಡು.

"ಎಕ್ಕಂಬಿ ಯಾಕ ದೊಡ್ಡವ್ವ?"

"ಪರಸ್ಥಾನ ಎತ್ತಿಕೊಳ್ಳೂದೈತಲ್ಲ."

ಪರಸ್ಥಾನ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕಿಂತ ಮುಂಚೆ ಒಂದು ಒಳ್ಳೆಯ ದಿನ ನೋಡಿ ಹೊರಡುವವರ ಗಂಟೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಅವತ್ತೇ ಶುರುವಾದ ಹಾಗೆ. ಆಮೇಲೆ ಕೆಟ್ಟ ದಿನ ಹೊರಟರೂ ದೋಷವಿಲ್ಲ, ಹೋಗುವಾಗ ಆ ಗಂಟನ್ನು ಎತ್ತಿಕೊಂಡು ಹೋಗಬೇಕು. ಶುಕ್ರವಾರ ಪಶ್ಚಿಮಕ್ಕೆ ಶೂಲ, ಅಂದರೆ ಅವತ್ತು ಆ ದಿಕ್ಕಿಗೆ ಹೊರಡಬಾರದು, ಮಸ್ಕತ್ ಇರುವುದು ಪಶ್ಚಿಮಕ್ಕೇ. ಆದ್ದರಿಂದ ಗಂಡಹೆಂಡತಿ ಇಬ್ಬರೂ ಬುಧವಾರ ಬಸ್ಸಿನಲ್ಲಿ ಎಕ್ಕಂಬಿಗೆ ಹೋಗಿ, ಚಂದ್ರಶೇಖರಪ್ಪನ ತಂಗಿಯ ಗಂಡ ಶಿವಪುತ್ರಪ್ಪನ ಮನೆಯಲ್ಲಿ ಪರಸ್ಥಾನ ಇಟ್ಟು ಬಂದಿದ್ದರು. ವಿಮಾನ ಹುಬ್ಬಳ್ಳಿಯಿಂದ ಎಂದಿದ್ದಾಗಲೇ ಆ ಮನೆಯವರಿಗೆ ಹೇಳಿ ಆಗಿತ್ತಂತೆ. ಆಮೇಲೆ ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ವಿಮಾನ ಬದಲಾದರೂ ಮನೆ ಬದಲಿಸಲಿಲ್ಲ. ಶಿರಸಿಯಲ್ಲಿ ಎಕ್ಕಂಬಿ ಕಡೆ ತಿರುಗಿಸಲು ಹೇಳಬೇಕಾಗಿದ್ದವರು ಚಂದ್ರಶೇಖರಪ್ಪ. ಅವರು ನಾನು ಕೊಟ್ಟ ಗುಳಿಗೆ ನುಂಗಿ ಮಲಗಿದ್ದರು.

"ಹೋಗ್ಲಿ ಬಿಡ್ರಿ," ಎಂದೆ ಉಸಿರು ಬಿಗಿಹಿಡಿದು, "ಒಂದು ಅಡಿಕಿ, ಒಂದು ಹಿಡಿ ಅಕ್ಕಿ ಇಟ್ಟಿರ್ತೀರಿ. ಆಮ್ಯಾಲ ತರಿಸಿದ್ರಾತು."

"ಅಡಿಕಿ ಅಕ್ಕಿನೂ ಐತಿ. ಪಾಸ್‌ಪೋರ್ಟೂ ಅದರಾಗನ ಐತಿ."

ನಾನು ಏನು ಅಂದೆನೋ ನೆನಪಿಲ್ಲ. ಚಹಾದಂಗಡಿಯವನು ಒಳಗೆ ಹೋಗಿ ನಿಂತುಕೊಂಡ. ಕೆರಿಯ ಬೀಡಿ ಬಿಸಾಡಿ ಬಂದ. "ಶಿರಸಿ ದಾಟಿ ಅಷ್ಟು ದೂರ ಬಂದ್ರೂ ಬಾಯಿ ಬಿಡಲಿಲ್ಲಲ್ರಿ ದೊಡ್ಡವ್ವ!" ಎಂದು ಕೂಗಿದ್ದು ಮಾತ್ರ ಗೊತ್ತಿದೆ.

"ಸುತ್ತ ಹಾಕಿ ಹೋಗ್ತೀವಿ ಅಂದಿ," ಎಂದರು ಅವರು. "ಸುತ್ತ ಹಾಕಿ ಎಕ್ಕಂಬಿಗೆ ಹೊಂಟೀರಿ ಅಂತ ಮಾಡಿದ್ದೆ."

"ಎಂತ ಮಾಡುದು ಅಕ್ಕಾ, ತಿರುಗ್ಸುದೋ?" ಎಂದ ಕೆರಿಯ. ತಾನೇ ಲೆಕ್ಕ ಹಾಕಿ ತಲೆಯಾಡಿಸಿದ. "ತಿರುಗಿ ಹೋದ್ರೆ ವಿಮಾನ ಸಿಕ್ಕುದಿಲ್ಲ."

ಶಿವಪುತ್ರಪ್ಪನಿಗೆ ಫೋನ್ ಹಚ್ಚಿದೆ. ಗಂಟು ದೇವರ ಜಗುಲಿಯ ಹತ್ತಿರ ಭದ್ರವಾಗಿದೆ, ಬೆಳಗಿನಿಂದ ಚಹಾ ಕಾಸಿಟ್ಟು ನಿಮ್ಮ ದಾರಿ ಕಾಯುತ್ತಿದ್ದೇವೆ ಎಂದರು. ತಕ್ಷಣ ಯಾರ ಕೈಯಲ್ಲಾದರೂ ಶಿರಸಿಗೆ ಕಳಿಸಿ ಎಂದೆ.

"ಹಂಗ ಬರಂಗಿಲ್ಲವಾ. ಪರಸ್ಥಾನ ಹೊರಡೋರ ಎತ್ತಬೇಕು. ನಾವು ಮುಟ್ಟಂಗಿಲ್ಲ."

"ಹೊರಡೋರು ಮಾವಿನಗುಂಡ್ಯಾಗ ಅದಾರ್ರಿ!"

"ಬರ್ಲಿ ತಗೋ. ಕಾಯ್ತೀವಿ."

ಮಗಳು, ಆಪರೇಷನ್, ಕೌಂಟರ್, ಎಲ್ಲ ಹೇಳಿದೆ. ಅವರು ಪ್ರತಿಯೊಂದಕ್ಕೂ ಹೂಂಗುಟ್ಟಿದರು. ಹೂಂಗುಟ್ಟಿ, "ಖರೆ, ಆದ್ರ ಮುಟ್ಟಂಗಿಲ್ಲ," ಎಂದರು. ಬೈದರೆ ಎದುರು ಬೈಯುವ ಮನುಷ್ಯನಾದರೆ ಜಗಳವಾಡಿ ಗೆಲ್ಲಬಹುದು. ಇವರು ಅಷ್ಟು ಮೆತ್ತಗೆ, ಅಷ್ಟು ಪ್ರೀತಿಯಿಂದ ಇಲ್ಲ ಎನ್ನುತ್ತಿದ್ದರು. ಕಡೆಗೆ ದೊಡ್ಡವ್ವ ಫೋನು ಕಸಿದುಕೊಂಡು ಶಿವಪುತ್ರಪ್ಪನ ಸೊಸೆ ದಿವ್ಯಾಳನ್ನು ಕರೆಯಲು ಹೇಳಿದರು.

"ದಿವ್ಯಾ, ಪೂರ್ವಕ್ಕ ಮುಖ ಮಾಡಿ ನಿಲ್ಲು. ನಿನ್ನ ಕೈ ನನ್ನ ಕೈ ಅಂತ ತಿಳಕೋ. ನನ್ನ ಹೆಸರು ಹೇಳಿ ಗಂಟು ಎತ್ತು."

ಆ ಕಡೆ ಶಿವಪುತ್ರಪ್ಪ ಏನೋ ಗೊಣಗಿದ್ದು ಕೇಳಿಸಿತು. "ಮಾವಾರ, ನೀವು ಒಂದೀಟು ಹೊರಗ ನಡೀರಿ," ಎಂದ ದಿವ್ಯಾಳ ದನಿಯೂ ಕೇಳಿಸಿತು. ಒಂದು ಕ್ಷಣ ಬಿಟ್ಟು, "ಎತ್ತೀನ್ರಿ ಅತ್ತಿ, ಸ್ಕೂಟಿ ತೆಗೀತೀನಿ, ಯಾರಿಗೆ ಕೊಡೂದು ಹೇಳ್ರಿ," ಎಂದಳು. ಆ ಮನೆಯಲ್ಲಿ ಒಬ್ಬಳಿಗಾದರೂ ಅವಸರ ಎಂಬುದು ಗೊತ್ತಿತ್ತು.

ಯಾರಿಗೆ ಕೊಡುವುದು? ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ ಬಂದು ಮುಟ್ಟುತ್ತದೆ, ನಮ್ಮ ಕಡೆ ಔಷಧಿಯಿಂದ ಹಿಡಿದು ಮದುವೆ ಕಾಗದದ ತನಕ ಎಲ್ಲ ಹಾಗೇ ಹೋಗುವುದು. ಆದರೆ ಬಸ್ಸು ಕೈ ಅಡ್ಡ ಮಾಡಿದಲ್ಲೆಲ್ಲ ನಿಲ್ಲುತ್ತದೆ.

"ಮೀನ್ ಗಾಡಿ ಅದೆಯಲಾ ಅಕ್ಕಾ," ಎಂದ ಕೆರಿಯ. "ಬೆಳಿಗ್ಗೆ ಹೊನ್ನಾವರದಿಂದ ಶಿರಸಿ ಪೇಟೆಗೆ ಮೀನು ಇಳ್ಸಿ ಖಾಲಿ ವಾಪಸ್ ಬತ್ತದೆ. ನಂಗೆ ಪರಿಚಯ ಅದೆ. ಅವ ಎಲ್ಲೂ ನಿಲ್ಸುದಿಲ್ಲ."

ನಾನು ದೊಡ್ಡವ್ವನ ಮುಖ ನೋಡಿದೆ. ಅವರು ಮೊಟ್ಟೆ ತಿಂದವರ ಮನೆಯ ನೀರನ್ನೂ ಕುಡಿಯದವರು. ದಿನವೂ ಲಿಂಗಪೂಜೆ ಆಗದೆ ತುತ್ತು ಎತ್ತದವರು. ದೇವರ ಜಗುಲಿಯಿಂದ ಎತ್ತಿದ ಪರಸ್ಥಾನ ಮೀನಿನ ಗಾಡಿಯಲ್ಲಿ ಬರಬೇಕು.

"ಮೀನ ಇರಲಿ, ಮೊಸಳಿ ಇರಲಿ," ಎಂದರು ದೊಡ್ಡವ್ವ. "ಜಲ್ದಿ ಬರಲಿ."

ಶಿರಸಿ ಪೇಟೆಯಲ್ಲಿ ಮೀನಿನ ಗಾಡಿಯವನ ಕೈಗೆ ಗಂಟು ಕೊಡಲು ದಿವ್ಯಾಳಿಗೆ ಹೇಳಿ, ನಾವು ಘಟ್ಟ ಇಳಿದು ಹೊನ್ನಾವರದಲ್ಲಿ ಹೆದ್ದಾರಿಯ ಪಕ್ಕ ಎಳನೀರು ಮಾರುವವಳ ಹತ್ತಿರ ಕಾರು ನಿಲ್ಲಿಸಿ ಕಾಯತೊಡಗಿದೆವು. ಮಂಗಳೂರಿನ ಕಡೆಗೆ ಹೋಗುವ ಒಂದೊಂದು ಬಸ್ಸೂ ನನ್ನನ್ನು ಅಣಕಿಸಿಕೊಂಡು ಹೋಗುತ್ತಿತ್ತು. ಚಂದ್ರಶೇಖರಪ್ಪನಿಗೆ ಆಗ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಸಮುದ್ರದ ಗಾಳಿ ಕುಡಿದು, "ಎಕ್ಕಂಬಿ ಬಂತೇನು?" ಎಂದರು. ಕಾರಿನಿಂದ ಇಳಿದು ರಸ್ತೆಯ ಆ ತುದಿಯ ತನಕ ನಡೆದುಕೊಂಡು ಹೋಗಿ ಬಂದೆ. ಇಲ್ಲದಿದ್ದರೆ ಹಿರಿಯರೆಂದೂ ನೋಡದೆ ಏನಾದರೂ ಅಂದುಬಿಡುತ್ತಿದ್ದೆ.

ತಿರುಗಿ ಬಂದರೂ ಸಿಟ್ಟು ಇಳಿದಿರಲಿಲ್ಲ. ದೊಡ್ಡವ್ವನ ಮುಂದೆ ನಿಂತೆ.

"ಇಡೂದಂದ್ರ ಪಾಸ್‌ಪೋರ್ಟನ್ನ ಇಡಬೇಕಿತ್ತೇನ್ರಿ? ಎಲ್ಲಾರೂ ಅಡಿಕಿ ಇಡ್ತಾರ, ಒಂದು ಪಂಜಿ ಇಡ್ತಾರ. ನಿಮಗ ಯಾರು ಹೇಳಿಕೊಟ್ರು ಇದನ್ನ?"

"ಯಾರೂ ಹೇಳಿಲ್ಲ," ಎಂದರು ಅವರು. "ಹೋದ ಸಲ ಹುಬ್ಬಳ್ಳಿಗೆ ಹೊಂಟಾಗೂ ಪರಸ್ಥಾನ ಇಟ್ಟಿದ್ದೆ. ಬರೇ ಅಡಿಕಿ. ನಾನು ಹೋಗಿ ಮುಟ್ಟೂದ್ರಾಗ ಕೂಸು ಹೋಗಿಬಿಟ್ಟಿತ್ತು. ಪ್ರತಿಭಾ ಗ್ವಾಡಿ ಕಡೆ ಮುಖಾ ಮಾಡಿ ಮಲಗಿದ್ಲು, ನನ್ನ ನೋಡಿ ಒಂದ ಮಾತು ಅಂದ್ಲು. ಇಷ್ಟ ತಡಾ ಯಾಕ ಮಾಡಿದಿ ಅವ್ವ ಅಂದ್ಲು." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ಅಡಿಕಿ ಇಲ್ದನೂ ಊರಿಗೆ ಹೋಗಬಹುದು ನೋಡು. ಅದನ್ನ ಮುಂದ ಕಳಿಸಿದ್ರ ಏನ ಕಳಿಸಿದಂಗಾತು? ಯಾವುದಿಲ್ದ ಹೋಗಾಕನ ಆಗಂಗಿಲ್ಲೋ ಅದನ್ನ ಇಟ್ರ, ನಾನ ಪೂರಾ ಹೊಂಟಂಗ. ಅದಕ್ಕ ಇಟ್ಟೆ."

ಅಳು ಬಂತು, ಅದರ ಜೊತೆಗೇ ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯಬೇಕೆನ್ನುವಷ್ಟು ಸಿಟ್ಟೂ ಬಂತು. ಅವರ ದುಃಖ ನಿಜ. ಪಾಸ್‌ಪೋರ್ಟು ಮೀನಿನ ಗಾಡಿಯಲ್ಲಿದ್ದದ್ದೂ ಅಷ್ಟೇ ನಿಜ. ಎಳನೀರು ಕೊಚ್ಚಿಸಿ ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತೆ.

ಮೀನಿನ ಗಾಡಿ ಬಂದದ್ದು ಬಿಸಿಲು ನೆತ್ತಿಗೇರಿದ ಮೇಲೆ. ಓಡಿಸುವವನು ಹಾರನ್ ಒತ್ತಿಕೊಂಡೇ ಬಂದು, ಸೀಟಿನ ಹಿಂದಿನಿಂದ ಅರಿಶಿನ ಬಟ್ಟೆಯ ಗಂಟು ತೆಗೆದು ಕೊಟ್ಟ. ಅದನ್ನು ಹಿಂದೆ ಮೀನಿನ ಖಾಲಿ ಬುಟ್ಟಿಗಳ ಹತ್ತಿರ ಇಟ್ಟಿರಲಿಲ್ಲ ಪಾಪ, ಮುಂದೆ ತನ್ನ ಜೊತೆಯೇ ಇಟ್ಟುಕೊಂಡಿದ್ದ. ಆದರೂ ಆ ಗಾಡಿಯ ಗಾಳಿಯೇ ಸಾಕಾಗಿತ್ತು. ದೊಡ್ಡವ್ವ ಗಂಟನ್ನು ಕಣ್ಣಿಗೆ ಒತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡರು. ನಾವು ಕಿಟಕಿ ಇಳಿಸಿದೆವು.

ಅಲ್ಲಿಂದ ಮುಂದಿನ ದಾರಿಯನ್ನು ಕೈಪಿಡಿಯಲ್ಲಿ ನಾನು ಸುಖದ ದಾರಿ ಎಂದು ಬರೆದಿದ್ದೇನೆ. ಅಗಲ ರಸ್ತೆ, ಎಡಕ್ಕೆ ಗುಡ್ಡ, ಬಲಕ್ಕೆ ಆಗಾಗ ಸಮುದ್ರ. ಬೇರೆಯವರಿಗೆ ಸುಖವಿರಬಹುದು. ಭಟ್ಕಳದಲ್ಲಿ ಒಂದು ಮೆರವಣಿಗೆ, ಕುಂದಾಪುರ ದಾಟಿದ ಮೇಲೆ ಲಾರಿಗಳ ಸಾಲು, ಪ್ರತಿ ಟೋಲಿನಲ್ಲೂ ನಮ್ಮ ಮುಂದಿನ ಗಾಡಿಯವನದೇ ಏನೋ ತಕರಾರು. ಕೂಳೂರಿನ ಸೇತುವೆಯ ಹತ್ತಿರ ಗಾಡಿಗಳು ಕೆರೆಯ ನೀರಿನ ಹಾಗೆ ನಿಂತಿದ್ದವು. ಕೆರಿಯ ಸ್ಟಿಯರಿಂಗಿಗೆ ಬೆರಳು ಬಡಿಯುತ್ತಿದ್ದ. ಕಾವೂರಿನ ಮೇಲೆ ತಿರುಗಿ ಗುಡ್ಡ ಹತ್ತಿ ನಿರ್ಗಮನದ ಬಾಗಿಲ ಮುಂದೆ ನಿಲ್ಲಿಸಿದಾಗ ನಾನೇ ಪೆಟ್ಟಿಗೆಯನ್ನು ಎಳೆದು ಗಾಲಿಗಾಡಿಗೆ ಹಾಕಿದೆ.

ಬಾಗಿಲಲ್ಲಿದ್ದ ಜವಾನ ಟಿಕೆಟ್ ನೋಡಿದ. ಪಾಸ್‌ಪೋರ್ಟನ್ನು ಮುಖದ ಹತ್ತಿರ ತಂದು, ತಟ್ಟನೆ ಕೈ ಚಾಚಿ ದೂರ ಹಿಡಿದು, ಹಾಗೆ ದೂರದಿಂದಲೇ ಓದಿದ. ದೊಡ್ಡವ್ವನನ್ನು ಒಳಗೆ ಬಿಟ್ಟ. ಅವರು ಹಿಂತಿರುಗಿ, "ಒಳಗ ಏನ ಮಾಡಬೇಕು ರಂಜನಿ?" ಎಂದರು. ನನಗೇನು ಗೊತ್ತು? "ನೀಲಿ ಕೋಟಿನವರನ್ನ ಕೇಳ್ರಿ, ಓಡ್ರಿ!" ಎಂದು ಕೂಗಿದೆ. ಗಾಜಿನಾಚೆ ಅವರು ಗಾಲಿಗಾಡಿ ತಳ್ಳಿಕೊಂಡು ಹೋಗುವುದು ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ.

ಗಾಜಿಗೆ ಮುಖ ಒತ್ತಿಕೊಂಡು ನಿಂತಿದ್ದೆ. ಅವರು ತಿರುಗಿ ಬರುವುದನ್ನು ನಾನೇ ಮೊದಲು ನೋಡಿದೆ. ಗಾಲಿಗಾಡಿಯನ್ನು ಈಗ ಸಮವಸ್ತ್ರದ ಒಬ್ಬ ಹುಡುಗಿ ತಳ್ಳುತ್ತಿದ್ದಳು.

"ಕೌಂಟರ್ ಮುಚ್ಚಿ ಆಗಿತ್ತು ಮೇಡಂ," ಎಂದಳು ಅವಳು. "ನಾನೂ ಕೇಳಿ ನೋಡಿದೆ, ಆಗುದಿಲ್ಲ ಅಂದ್ರು. ಅಜ್ಜಿ ಒಬ್ರೇ ನಿಂತಿದ್ರು ಅಲ್ವಾ, ಅದಕ್ಕೆ ಕರ್ಕೊಂಡು ಬಂದೆ."

ಅವಳೊಡನೆ ಜಗಳ ಮಾಡುವಂತಿರಲಿಲ್ಲ. ದಪ್ಪ ಅಕ್ಷರದಲ್ಲಿ ಬರೆದವಳು ನಾನೇ. ಚಂದ್ರಶೇಖರಪ್ಪ ಪೆಟ್ಟಿಗೆಯ ಮೇಲೆ ಕುಸಿದು ಕೂತು, "ಎಲ್ಲಾ ನನ್ನ ನಿದ್ದಿಯಿಂದ ಆತು," ಎಂದು ಹಣೆ ಚಚ್ಚಿಕೊಂಡರು. ದೊಡ್ಡವ್ವನ ಮೇಲೆ ಬೆಳಗಿನಿಂದ ಕೂಡಿಟ್ಟಿದ್ದ ಮಾತುಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅಷ್ಟರಲ್ಲಿ ಅವರ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಪ್ರತಿಭಾ.

"ಅವ್ವಾ, ಇವತ್ತ ಮಾಡ್ತಾರಂತ. ಕೂಸಿನ ಎದಿಬಡತ ಒಂದೀಟು ಕಮ್ಮಿ ಆಗೇತಂತ. ಈಗ ಒಳಗ ಒಯ್ತಾರ." ಅವಳು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. "ಅವ್ವಾ, ಹತ್ತಿದೇನು?"

ಈ ಮಗು ಚೆನ್ನಾಗಿ ಹುಟ್ಟಿತು, ಹೆಣ್ಣು, ಈಗ ಮೈಕೈ ತುಂಬಿಕೊಂಡಿದೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ಓದುವವರನ್ನು ಸತಾಯಿಸುವ ಚಟ ನನಗಿಲ್ಲ. ಆದರೆ ಆ ಹೊತ್ತಿನಲ್ಲಿ, ಆ ಬಾಗಿಲ ಮುಂದೆ, ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

"ಹತ್ತೀನವಾ," ಎಂದರು ಗುರುಶಾಂತವ್ವ. "ಕೂತೀನಿ."

ಪಕ್ಕದಲ್ಲಿ ಒಬ್ಬ ಟ್ಯಾಕ್ಸಿಯವನು, "ಉಡುಪಿ, ಉಡುಪಿ," ಎಂದು ಬಾಯಿ ತೆರೆದ. ನಾನು ಅವನ ತೋಳು ಹಿಡಿದು ದೂರ ನೂಕಿದೆ. ನನ್ನ ಮುಖ ನೋಡಿ ಅವನು ಸರಿದುಹೋದ.

"ಎಲ್ಲಿ ಕೂತಿ?"

"ಕಿಡಕಿ ಬಾಜೂಕ ಕೊಟ್ಟಾರ. ಮೆತ್ತಗ ಐತಿ ಸೀಟು. ಒಂದು ಹುಡುಗಿ ನೀರು ತಂದು ಕೊಟ್ಲು." ಅವರು ಕಾಂಕ್ರೀಟ್ ಕಂಬಕ್ಕೆ ಒರಗಿಕೊಂಡು ನಿಂತಿದ್ದರು.

"ರಂಜನಿ ಹೋದ್ಲೇನು?"

"ಆಕಿ ಹೊರಗ ನಿಂತು ಎಲ್ಲಾರಿಗೂ ಬೈಯಾಕತ್ತಾಳ."

ಪ್ರತಿಭಾ ನಕ್ಕಳು. ಅಷ್ಟು ದೂರದಿಂದ, ಅಳುವಿನ ಮಧ್ಯೆ, ನಿಜವಾಗಿ ನಕ್ಕಳು. ಆಮೇಲೆ ದನಿ ಸಣ್ಣದಾಯಿತು. "ಅವ್ವಾ, ಹೋದ ಸಲದಂಗ ಆದ್ರ?"

"ಆಗಂಗಿಲ್ಲ. ಹೋದ ಸಲ ನಾನು ತಡಾ ಮಾಡಿದೆ. ಈ ಸಲ ಹೊಂಟೀನಲ್ಲ. ನೀ ಹೆದರಲಾರದ ಒಳಗ ಹೋಗು. ನೀ ಕಣ್ಣ ತೆಗಿಯೂದ್ರಾಗ ನಾನು ಬಂದಿರ್ತೀನಿ. ಇಡ್ಲ್ಯಾ? ವಿಮಾನ ಏಳಾಕತ್ತೇತಿ, ಫೋನ್ ಬಂದ್ ಮಾಡಂತಾರ."

ಅವರು ಫೋನನ್ನು ನನ್ನ ಕೈಗೆ ಕೊಟ್ಟರು. "ಇದನ್ನ ಪೂರಾ ಬಂದ್ ಮಾಡು."

"ಬಂದ್ ಮಾಡಿದ್ರ ಅಲ್ಲಿ ಏನಾತಂತ ನಮಗ ಹ್ಯಾಂಗ ತಿಳೀಬೇಕ್ರಿ ದೊಡ್ಡವ್ವ?"

"ತಿಳಿಯೂದು ಬ್ಯಾಡ. ಒಳಗ ಹೋಗೂ ಮುಂದ ಇನ್ನೊಮ್ಮೆ ಹಚ್ಚೇ ಹಚ್ಚತಾಳ. ರಿಂಗ್ ಆತಂದ್ರ ನಾನು ನೆಲದ ಮ್ಯಾಲ ಅದೀನಂತ ಆಕಿಗೆ ಗೊತ್ತಾಕ್ಕೇತಿ." ಅವರು ಗಂಡನ ಅಂಗಿಯ ಜೇಬಿಗೆ ಕೈಹಾಕಿ ಅವರ ಫೋನನ್ನೂ ತೆಗೆದರು. "ಇದನ್ನೂ ಮಾಡು. ನಿಂದೂ ಮಾಡು. ನಿನಗ ಬೈಯಾಕ ಬರ್ತೇತಿ, ಸುಳ್ಳು ಹೇಳಾಕ ಬರಂಗಿಲ್ಲ."

ಮೂರನ್ನೂ ಬಂದ್ ಮಾಡಿದೆ. ಯಾರ ಮೇಲಾದರೂ ಸಿಟ್ಟು ಮಾಡೋಣವೆಂದು ನೋಡಿದರೆ ಯಾರೂ ಸಿಗಲಿಲ್ಲ.

ಗುರುಶಾಂತವ್ವ ಗೋಡೆಯ ಪಕ್ಕದ ಬೆಂಚಿಗೆ ಹೋಗಿ ನೆಟ್ಟಗೆ ಕೂತರು. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಕಟ್ಟಡದ ಆಚೆಯಿಂದ ಕಿವಿ ಗಡಚಿಕ್ಕುವ ಸದ್ದು ಎದ್ದು, ನಮ್ಮ ತಲೆಯ ಮೇಲೆ ಹಾದು, ಸಮುದ್ರದ ಕಡೆಗೆ ಹೋಯಿತು. ಚಂದ್ರಶೇಖರಪ್ಪ ಕತ್ತೆತ್ತಿ ನೋಡಿದರು. ಗುರುಶಾಂತವ್ವ ನೋಡಲಿಲ್ಲ.

"ಅದು ಅಲ್ಲಿ ಇಳಿಯಾಕ ಎಷ್ಟ ಹೊತ್ತ ಬೇಕು?"

"ಮೂರು ತಾಸು, ದೊಡ್ಡವ್ವ."

"ಅಲ್ಲೀಮಟಾ ನನ್ನ ಯಾರೂ ಮಾತಾಡಸಬ್ಯಾಡ್ರಿ," ಎಂದು ಅವರು ಎರಡೂ ಕೈಯಿಂದ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದರು.